ತಂಗಳ ಇತಿಹಾಸ

1945ರಲ್ಲಿ ಎರಡು ಘಟನೆ ನಡೆದವು. ಅಮೆರಿಕದಲ್ಲಿ ಪರ್ಸಿ ಸ್ಪೆನ್ಸರ್ ಮೈಕ್ರೋವೇವ್‌ನಿಂದ ಆಹಾರ ಬೇಯಿಸೋ ವಿಧಾನಕ್ಕೆ ಪೇಟೆಂಟ್ ಕೇಳಿದ. ಇಲ್ಲಿ ಹೊಸಪೇಟೆ ಹತ್ತಿರ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ನಮ್ಮ ಮನೆಯ ತಂಗಳನ್ನು ಬದಲಿಸಿದ್ದು ಎರಡನೆಯದು.

ಹಂಪಿ, ಕಂಪ್ಲಿ ಕಡೆ ವಿಜಯನಗರದ ಕಾಲುವೆಗಳ ಕೆಳಗೆ ಮೊದಲೂ ಭತ್ತ ಬೆಳೀತಿತ್ತು. ಮಳೆ ನಂಬಿದವರಿಗೆ ಮಾತ್ರ ಜೋಳವೇ ಗತಿ. ಕಟಕ ರೊಟ್ಟಿ ವಾರ ಇಟ್ಟರೂ ಕೆಡಲ್ಲ, ಬಿಸಿ ಮಾಡೋ ತಾಪತ್ರಯವೂ ಇಲ್ಲ. 1953ರಲ್ಲಿ ಅಣೆಕಟ್ಟಿನ ನೀರು ಬಂತು, ಗದ್ದೆ ಹೆಚ್ಚಿದವು, ತಂಗಳನ್ನವೂ ಹೆಚ್ಚಿತು. ನಮ್ಮ ಬಿಸಿಲಿಗೆ ಅನ್ನ ಬೇಗ ಹಳಸುತ್ತೆ. ಅದಕ್ಕೇ ರಾತ್ರಿ ನೀರು ಹಾಕಿಡೋದು, ಬೆಳಿಗ್ಗೆ ಮಜ್ಜಿಗೆ ಕಲಸೋದು, ಇಲ್ಲಾಂದ್ರೆ ಒಗ್ಗರಣೆ ಕೊಡೋದು.

ಮೊನ್ನೆ ಬೆಂಗಳೂರಲ್ಲಿ ನನ್ನ ಮೈಕ್ರೋವೇವ್ ಕೆಟ್ಟಿತು. ಫ್ರಿಜ್ಜಲ್ಲಿ ನಿನ್ನೆಯ ಅನ್ನ. ಅವ್ವಗೆ ಫೋನ್ ಮಾಡಿದೆ.

"ದಪ್ಪ ತಳದ ಪಾತ್ರೆಗೆ ಹಾಕು, ಸ್ವಲ್ಪ ನೀರು ಚಿಮುಕಿಸು, ಮುಚ್ಚಿ ಸಣ್ಣ ಉರೀಲಿಡು. ಪೂರ್ತಿ ಹಬೆಯಾಡೋ ತನಕ ತೆಗೀಬ್ಯಾಡ."

ಅನ್ನ ಹೊಸದರಂಗೇ ಆಯ್ತು. ತಿನ್ನುವಾಗ ಹೊಳೀತು: ನಮಗೆಲ್ಲ ಬಿಸಿಯದು ಬಡಿಸಿ ಅವ್ವ ತಂಗಳು ತಿಂತಿದ್ದಳು, ತಣ್ಣಗೇ. ಬಿಸಿ ಮಾಡೋದನ್ನ ಇಷ್ಟು ಬಲ್ಲವಳು ತನ್ನೊಬ್ಬಳಿಗೋಸ್ಕರ ಒಲೆ ಹಚ್ಚಿದ್ದನ್ನ ನಾನು ಒಮ್ಮೆಯೂ ನೋಡಿಲ್ಲ.