ಯಾರ ಮನೆಗೆ ಬಂದ್ಯವ್ವ?

ಬೆಂಗಳೂರು-ಮೈಸೂರು ಮಧ್ಯೆ ಓಡಾಡುವ ನಮ್ಮಂಥವರಿಗೆಲ್ಲ ಮಂಡ್ಯ ಅಂದರೆ ಕಿಟಕಿಯಲ್ಲಿ ಬಂದು ಹೋಗುವ ಊರು. ಮದ್ದೂರಲ್ಲಿ ವಡೆ ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಬರುತ್ತೆ, ನೀರಿನ ಬಾಟಲಿಯ ಮುಚ್ಚಳ ಹಾಕುವಷ್ಟರಲ್ಲಿ ಹೋಗುತ್ತೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದಮೇಲಂತೂ ಕಾರಿನಲ್ಲಿ ಹೋಗುವವರಿಗೆ ಆ ದರ್ಶನವೂ ಇಲ್ಲ, ಬೈಪಾಸ್ ಹಿಡಿದರೆ ಊರೇ ಕಾಣಲ್ಲ.

ಹೀಗೆ ದಾಟಿ ಹೋಗುವ ಊರಿನಲ್ಲಿ ಬೇಕಂತಲೇ ಇಳಿದು ಒಂದು ದಿನ ಸುತ್ತಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ಅದೂ ಒಬ್ಬಳೇ. ನಾನು ಮಲೆನಾಡಿನವಳು, ಹೊಟ್ಟೆಪಾಡು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಮಂಡ್ಯದಲ್ಲಿ ನೆಂಟರಿಲ್ಲ, ಸ್ನೇಹಿತರಿಲ್ಲ, ಕೆಲಸವೂ ಇಲ್ಲ. ಒಂದು ಶನಿವಾರ ಬೆಳಿಗ್ಗೆ ಮೆಮು ರೈಲು ಹತ್ತಿದೆ, ಎರಡು ಗಂಟೆ ಹತ್ತಿರದ ಪ್ರಯಾಣ, ಇಳಿದೆ. ಅಲ್ಲಿಂದ ಆಟೋ ಹಿಡಿದು ಗುತ್ತಲಿಗೆ ಹೋದೆ. ಗುತ್ತಲೇ ಯಾಕೆ ಅಂದರೆ, ಈಗ ಅದು ಮಂಡ್ಯ ನಗರದೊಳಗಿನ ಒಂದು ಬಡಾವಣೆಯ ಹಾಗೆ ಕಂಡರೂ ನಗರಕ್ಕಿಂತ ಹಳೆಯ ಹಳ್ಳಿ. ಹೊಸ ಊರನ್ನು ನೋಡಬೇಕಾದರೆ ಅದು ನುಂಗಿದ ಹಳೇ ಊರಿಂದ ಶುರು ಮಾಡೋದು ಒಳ್ಳೇದು ಅನ್ನೋದು ನನ್ನ ಲೆಕ್ಕ.

ಹೊರಡುವ ಹಿಂದಿನ ರಾತ್ರಿ ಅಮ್ಮನ ಫೋನು. "ಅಲ್ಲಿ ಯಾರಿದಾರೆ? ಯಾರ ಮನೆಗೆ ಹೋಗ್ತೀಯ?" ಅಂದಳು. ಮಾರನೇ ದಿನ ಗುತ್ತಲಿನ ಅರ್ಕೇಶ್ವರ ದೇವಸ್ಥಾನದ ದಾರಿಯಲ್ಲಿ ಹೂವು ಕಟ್ಟುತ್ತಾ ಕೂತಿದ್ದ ಅಜ್ಜಿ ಕೇಳಿದ್ದೂ ಅದನ್ನೇ. "ಯಾರ್ ಮನೆಗ್ ಬಂದ್ಯವ್ವ?" ಯಾರ ಮನೆಗೂ ಇಲ್ಲ ಅಜ್ಜಿ, ಊರು ನೋಡೋಕೆ ಬಂದೆ ಅಂದೆ. ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿ, "ನೋಡಕೆ ಇಲ್ಲೇನೈತವ್ವಾ?" ಅಂತ ನಕ್ಕರು. ಒಂದು ಮೊಳ ಹೂವು ಕೊಟ್ಟರು, ದುಡ್ಡು ಕೊಡಕ್ಕೆ ಹೋದರೆ ಬೈದರು. :)

ಅಮ್ಮನದು ಭಯದ ಪ್ರಶ್ನೆ, ಅಜ್ಜಿಯದು ಅಕ್ಕರೆಯ ಪ್ರಶ್ನೆ. ಆದರೆ ಎರಡರ ಒಳಗೂ ಒಂದೇ ನಂಬಿಕೆ ಇದೆ: ಹೆಣ್ಣು ಒಂದು ಊರಿಗೆ ಬರೋದಿಲ್ಲ, ಒಂದು ಮನೆಗೆ ಬರುತ್ತಾಳೆ. ತವರಿಗೆ, ಗಂಡನ ಮನೆಗೆ, ಅಕ್ಕನ ಬಾಣಂತನಕ್ಕೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ 'ಯಾರ ಮನೆ' ಅನ್ನೋದು ಖಾಲಿ ಬಿಡಲಾಗದ ಕಾಲಂ. ಗಂಡಸರ ಅರ್ಜಿಯಲ್ಲಿ ಆ ಕಾಲಮ್ಮೇ ಇಲ್ಲ. ಹಾಗಾದರೆ ಮಂಡ್ಯಕ್ಕೆ ಯಾರ ಮನೆಗೂ ಅಲ್ಲದೆ ಹೆಂಗಸರು ಬರೋದು ಯಾವಾಗಿಂದ ಸಾಧ್ಯವಾಯ್ತು? ಆ ದಿನ ಇಡೀ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಬಂದಮೇಲೆ ಓದಿದ್ದು, ಮೊದಲೇ ಗೊತ್ತಿದ್ದದ್ದು ಎಲ್ಲಾ ಸೇರಿಸಿ ಬರೀತಿದೀನಿ.

ಮಂಡ್ಯದ ಹಳೇ ಚರಿತ್ರೆ ಅಗ್ರಹಾರದ್ದು. 1516ರಲ್ಲಿ ವಿಜಯನಗರದ ಕೃಷ್ಣದೇವರಾಯ ಇದನ್ನು ಗೋವಿಂದರಾಜ ಎಂಬ ವೈಷ್ಣವ ಗುರುವಿಗೆ ಅಗ್ರಹಾರವಾಗಿ ಕೊಟ್ಟ. ಮಂಡಯಂ ಅಯ್ಯಂಗಾರ್ ಅಂತ ಕೇಳಿರ್ತೀರಲ್ಲ, ಆ ಹೆಸರಿಗೂ ಈ ಊರಿಗೂ ನಂಟಿದೆ. ಆ ಕಾಲದ ದಾರಿಗಳಲ್ಲಿ ಸೈನ್ಯ, ವ್ಯಾಪಾರಿಗಳು, ಯಾತ್ರಿಕರು ಓಡಾಡುತ್ತಿದ್ದರು. ಹೆಂಗಸು ಹೊರಟರೆ ಗುಂಪಿನ ಜೊತೆ. ರಾಜಮನೆತನದ ಮಟ್ಟದಲ್ಲೂ ಅಷ್ಟೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದ್ರಾಸಿನ ಗವರ್ನರನ ಹೆಂಡತಿ ಹೆನ್ರಿಯೆಟಾ ಕ್ಲೈವ್ ಗಂಡನನ್ನು ಮದ್ರಾಸಿನಲ್ಲೇ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಬಂದಳು. ಆ ಕಾಲಕ್ಕೆ ದೊಡ್ಡ ಧೈರ್ಯವೇ. ಆದರೆ ಅವಳ ಹಿಂದೆ ಮುಂದೆ ಆನೆ, ಎತ್ತು, ನೂರಾರು ಆಳುಕಾಳು. ಗಂಡನಿಲ್ಲದೆ ಬಂದಳು ಅನ್ನಬಹುದು, ಒಬ್ಬಳೇ ಬಂದಳು ಅನ್ನೋಕಾಗಲ್ಲ.

ನಿಜವಾದ ಬದಲಾವಣೆ ತಂದದ್ದು ರೈಲು. ಬೆಂಗಳೂರು-ಮೈಸೂರು ಮೀಟರ್ ಗೇಜ್ ಹಳಿ 1881-82ರಲ್ಲಿ ಓಡಾಟಕ್ಕೆ ತೆರೆಯಿತು. ಎತ್ತಿನಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಗಂಟೆಗಳ ಲೆಕ್ಕಕ್ಕೆ ಇಳೀತು, ರಾತ್ರಿ ಛತ್ರದಲ್ಲಿ ತಂಗುವ ಅಗತ್ಯ ತಪ್ಪಿತು. 1890ರ ರೈಲ್ವೆ ಕಾಯ್ದೆ ಇನ್ನೊಂದು ಕೆಲಸ ಮಾಡಿತು. ಪ್ರಯಾಣಿಕರ ಪ್ರತಿ ರೈಲಿನಲ್ಲೂ ಅತಿ ಕಡಿಮೆ ದರ್ಜೆಯ ಒಂದು ಕಂಪಾರ್ಟ್‌ಮೆಂಟಾದರೂ ಹೆಂಗಸರಿಗೇ ಮೀಸಲಿರಬೇಕು ಅಂತ 64ನೇ ಕಲಮಿನಲ್ಲಿ ಬರೆಯಿತು. ಅತಿ ಕಡಿಮೆ ದರ್ಜೆ ಅನ್ನೋದನ್ನ ಗಮನಿಸಿ. ರಾಣಿಯರಿಗಲ್ಲ, ಮಡಿಲಲ್ಲಿ ಬುತ್ತಿಗಂಟು ಇಟ್ಟುಕೊಂಡು ಬರುವವರಿಗೆ.

ಈಗಿರುವ 1989ರ ಕಾಯ್ದೆಯಲ್ಲಿ ಇನ್ನೂ ಸ್ವಾರಸ್ಯದ್ದೊಂದಿದೆ, 139ನೇ ಕಲಂ. ಟಿಕೆಟ್ ಇಲ್ಲದ, ದಂಡವನ್ನೂ ಕಟ್ಟದ ಪ್ರಯಾಣಿಕರನ್ನು ರೈಲಿನಿಂದ ಇಳಿಸಬಹುದು. ಆದರೆ ಗಂಡಸಿನ ಜೊತೆಯಿಲ್ಲದ ಹೆಂಗಸನ್ನು ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಅವಳು ಹತ್ತಿದ ನಿಲ್ದಾಣದಲ್ಲಿ, ಇಲ್ಲವೇ ಜಂಕ್ಷನ್ನಿನಲ್ಲಿ, ಕೊನೆಯ ನಿಲ್ದಾಣದಲ್ಲಿ, ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ಮಾತ್ರ. ಅದೂ ಹಗಲು ಹೊತ್ತಿನಲ್ಲಿ. ಅಂದರೆ ಕಾನೂನಿನ ಕಣ್ಣಲ್ಲಿ ನನ್ನನ್ನು ಮದ್ದೂರಿನಲ್ಲಿ ಇಳಿಸಿಬಿಟ್ಟರೆ ತಪ್ಪು, ಮಂಡ್ಯದಲ್ಲಿ ಇಳಿಸಿದರೆ ಸರಿ! (ನನ್ನ ಹತ್ತಿರ ಟಿಕೆಟ್ ಇತ್ತು, ಗಾಬರಿ ಬೇಡ.)

ಮಂಡ್ಯಕ್ಕೆ ಆ ಮರ್ಯಾದೆ ಸಿಕ್ಕಿದ್ದು ಅದು ಜಿಲ್ಲಾ ಕೇಂದ್ರ ಆಗಿದ್ದರಿಂದ. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿತು. ಮದ್ದೂರು, ಮಳವಳ್ಳಿ, ನಾಗಮಂಗಲ ಎಲ್ಲಾ ಸೇರಿ ಏಳು ತಾಲ್ಲೂಕು. ಅದರ ಹಿಂದಿರೋದು ನೀರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯ್ತು. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗ ದಾಟಿ 1930ರ ದಶಕದಲ್ಲಿ ರಾಗಿ ಹೊಲಗಳಿಗೆ ನೀರು ತಂದಿತು. ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆ ಆಯ್ತು, ಕೆನಡಾದಿಂದ ಬಂದು ಇಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದೆ ನಿಂತವರು. ಕಾರ್ಖಾನೆ, ಕಚೇರಿ, ಕೋರ್ಟು, ಶಾಲೆ... ಹಳ್ಳಿ ಪಟ್ಟಣವಾಯ್ತು, ಪಟ್ಟಣ ಹರಡಿ ಗುತ್ತಲನ್ನೂ ಒಳಗೆ ಹಾಕಿಕೊಂಡಿತು.

ಈಗ ಒಬ್ಬ ನಿಜವಾದ ಒಂಟಿ ಪ್ರಯಾಣಿಕಳ ಕಥೆ. ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದವರು, ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು ಇಂಗ್ಲೆಂಡ್ ಸೇರಿದವರು. ಮ್ಯಾಂಚೆಸ್ಟರಿನಲ್ಲಿ ಓದಿ, 1954ರಲ್ಲಿ ಸಂಶೋಧನೆಗೆ ಅಂತ ಬಂದು ನಿಂತದ್ದು ಮಂಡ್ಯ ಸೀಮೆಯಲ್ಲಿ. ಆಗಿನ್ನೂ ಮದುವೆಯಾಗಿರಲಿಲ್ಲ. 1956ರವರೆಗೆ ಇಲ್ಲಿನ ಎರಡು ಹಳ್ಳಿಗಳ ಜನಜೀವನ ಅಧ್ಯಯನ ಮಾಡಿ, ಪುಸ್ತಕದಲ್ಲಿ ಅವಕ್ಕೆ ವಂಗಲ, ದಲೇನ ಅಂತ ಬೇರೆ ಹೆಸರಿಟ್ಟರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಎತ್ತರದಲ್ಲಿದ್ದರಿಂದ ಒಣಗೇ ಉಳಿದಿತ್ತು. 1962ರಲ್ಲಿ ಬಂದ ಆ ಪುಸ್ತಕ ಹೇಳಿದ್ದು ಆಶ್ಚರ್ಯದ ಮಾತು. ನೀರು ಬಂದ ಊರು ದುಡ್ಡು ಕಂಡಿತು, ಆದರೆ ಹಳೇ ಕಟ್ಟುಪಾಡುಗಳೆಲ್ಲ ಹಾಗೇ ಉಳಿದವು. ನೀರು ಬರದ ಊರಿನವರು ಬೇರೆ ದಾರಿ ಕಾಣದೆ ಮಂಡ್ಯದ ಕೆಲಸ, ವ್ಯಾಪಾರ ಅಂತ ಹೊರಬಿದ್ದರು, ಅಲ್ಲಿನ ಸಮಾಜವೇ ಹೆಚ್ಚು ಬದಲಾಯ್ತು. ಓಡಾಡಿದವರು ಬದಲಾದರು, ಕೂತವರು ಬದಲಾಗಲಿಲ್ಲ ಅಂತ ನಾನು ಅರ್ಥ ಮಾಡಿಕೊಂಡೆ.

1970ರಲ್ಲಿ ಅವರು ಮತ್ತೆ ಬಂದರು. ಆಗ ಕಂಡದ್ದು ಇನ್ನೊಂದು. ಮೊದಲ ಸಲ ಬಂದಾಗ ಒಕ್ಕಲು ಮನೆತನಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುವ ಪದ್ಧತಿ ಇತ್ತು. ಹದಿನೈದು ವರ್ಷದಲ್ಲಿ ಅದು ತಲೆಕೆಳಗಾಗಿ ವರದಕ್ಷಿಣೆ ಕಾಲಿಟ್ಟಿತ್ತು. ಕಬ್ಬಿನ ದುಡ್ಡು, ಓದಿದ ಗಂಡು, ಮೇಲಿನವರ ಅನುಕರಣೆ ಎಲ್ಲಾ ಸೇರಿ, ತರಬೇಕಾದ ಹೆಣ್ಣು ದಾಟಿಸಬೇಕಾದ ಭಾರವಾದಳು.

ಇದನ್ನು ಓದುವಾಗ ನನಗೆ 2023ರ ನವೆಂಬರ್‌ನ ಸುದ್ದಿ ನೆನಪಾಗದೇ ಇರಲಿಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಹಿಡಿದಾಗ, ಸ್ಕ್ಯಾನಿಂಗ್ ನಡೆಯುತ್ತಿದ್ದ ಜಾಗ ಮಂಡ್ಯದ ಒಂದು ಆಲೆಮನೆ ಅಂತ ಗೊತ್ತಾಯಿತು. ಆಲೆಮನೆ! ಬಿಸಿ ಬೆಲ್ಲದ ಘಮ, ದಾರಿಯಲ್ಲಿ ಹೋಗುವವರನ್ನೂ ಕರೆದು ಕಬ್ಬಿನ ಹಾಲು ಕೊಡುವ ಜಾಗ. ಭ್ರೂಣದ ಲಿಂಗ ಪತ್ತೆ ನಿಷೇಧಿಸಿದ ಕಾನೂನು 1994ರದ್ದು, ಅಂದರೆ ನನಗಿಂತ ಹಳೇದು. ಕೇಂದ್ರ ಮಂಡ್ಯದಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಇದು ಬರೀ ಮಂಡ್ಯದವರ ಪಾಪ ಅಂತ ಕೈತೊಳೆದುಕೊಳ್ಳೋದು ಸುಲಭ. ವರದಕ್ಷಿಣೆ ಇಲ್ಲದ ಊರು ಯಾವುದಿದೆ ಹೇಳಿ? ಆದರೂ ಆ ದಿನ ಬೀದಿಯಲ್ಲಿ ನಡೆಯುವಾಗ ಅನಿಸಿತು, ನಾನು ಯಾರ ಮನೆಗೂ ಬಂದಿಲ್ಲ ಅನ್ನೋದು ನನ್ನ ಖುಷಿ, ಆ ಮಕ್ಕಳು ಯಾರ ಮನೆಗೂ ಬರಲಿಲ್ಲ ಅನ್ನೋದು ಬೇರೆಯೇ ಮಾತು.

ಹಾಗಂತ ಮಂಡ್ಯದ ಲೆಕ್ಕ ಇಷ್ಟೇ ಅಂತ ಮುಗಿಸಿದರೆ ಅನ್ಯಾಯ. 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಒಬ್ಬ ಮಹಿಳೆ ಅಧ್ಯಕ್ಷರಾಗೋಕೆ 59 ವರ್ಷ ಬೇಕಾಯ್ತು. ಅದು ಆದದ್ದು ಎಲ್ಲಿ ಗೊತ್ತಾ? ಮಂಡ್ಯದಲ್ಲಿ, 1974ರಲ್ಲಿ. ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆ, ಸೊಲ್ಲಾಪುರದವರು, ಮರಾಠಿ ಸೀಮೆಯಲ್ಲಿದ್ದು ಕನ್ನಡಕ್ಕಾಗಿ ದುಡಿದವರು. ಆಮೇಲೆ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲೇ ನಡೆದ ಸಮ್ಮೇಳನ 87ನೆಯದು; ಅಲ್ಲಿಯವರೆಗೆ ಮಹಿಳಾ ಅಧ್ಯಕ್ಷರು ಈ ನಾಲ್ವರೇ. ಸೊಲ್ಲಾಪುರದಿಂದ ಬಂದ ತಾಯಿಯನ್ನು "ಯಾರ ಮನೆಗೆ ಬಂದ್ರಿ?" ಅಂತ ಯಾರೂ ಕೇಳಿರಲಿಕ್ಕಿಲ್ಲ. ಅವರು ಬಂದದ್ದು ಇಡೀ ಊರಿಗೆ.

ಇನ್ನೊಂದು ದಾರಿ ಓದಿನದು. 'ನಿತ್ಯ ಸಚಿವ' ಅಂತ ಹೆಸರಾದ ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದರು. ನಮ್ಮ ಆಫೀಸಿನಲ್ಲೇ ಅಲ್ಲಿ ಓದಿದ ಹುಡುಗಿಯರಿದ್ದಾರೆ. ಹಾಸ್ಟೆಲ್ಲಿಗೆ ಬಂದವಳು ಯಾರ ಮನೆಗೂ ಬಂದವಳಲ್ಲ, ತನ್ನ ಕೋಣೆಗೆ ಬಂದವಳು.

ಮಧ್ಯಾಹ್ನ ಮುದ್ದೆ, ಬಸ್ಸಾರು ಊಟಕ್ಕೆ ಒಂದು ಹೋಟೆಲಿಗೆ ಹೋದೆ. ಸಪ್ಲೈಯರ್ ಅಣ್ಣ ನನ್ನನ್ನು ನೋಡಿದ್ದೇ "ಫ್ಯಾಮಿಲಿ ರೂಂ ಆ ಕಡೆ ಮೇಡಂ" ಅಂದರು. ಒಬ್ಬಳೇ ಹೆಂಗಸು ಅಂದರೂ ಫ್ಯಾಮಿಲಿ, ನಾಲ್ಕು ಗಂಡಸರು ಅಂದರೂ ಫ್ಯಾಮಿಲಿ ಅಲ್ಲ. ನಾನು ಇಲ್ಲೇ ಕೂರ್ತೀನಣ್ಣ ಅಂತ ಬೀದಿ ಕಾಣುವ ಟೇಬಲ್ಲಿನಲ್ಲಿ ಕೂತೆ. ಏನೂ ಆಗಲಿಲ್ಲ. ಮುದ್ದೆ ಚೆನ್ನಾಗಿತ್ತು.

ಭಯದ ಮಾತಿಗೂ ಉತ್ತರ ಹೇಳಬೇಕು. ಗುತ್ತಲು ಅಂತ ಹುಡುಕಿದರೆ ಸಿಗುವ ಸುದ್ದಿಗಳಲ್ಲಿ ಒಂದು 2020ರ ಸೆಪ್ಟೆಂಬರ್‌ನದು. ಅರ್ಕೇಶ್ವರ ದೇವಸ್ಥಾನದಲ್ಲಿ ರಾತ್ರಿ ಮಲಗಿದ್ದ ಮೂವರನ್ನು ಹುಂಡಿ ದೋಚಲು ಬಂದವರು ಕೊಂದರು. ಅಮ್ಮ ಇದನ್ನು ಹುಡುಕಿ ನನಗೆ ಕಳಿಸಿದ್ದಳು. ಸತ್ತ ಮೂವರೂ ಗಂಡಸರು, ಅದೇ ಊರಿನವರು. ಹಾಗಂತ ಗಂಡಸರು ಒಬ್ಬರೇ ದೇವಸ್ಥಾನಕ್ಕೆ ಹೋಗಬಾರದು ಅಂತ ಯಾರೂ ಹೇಳಲಿಲ್ಲ. ಹೇಳಲೂಬಾರದು. ಅಪಾಯ ಎಲ್ಲರಿಗೂ ಇದೆ, ಅದರ ಹೆಸರಲ್ಲಿ ಮನೆಯಲ್ಲಿ ಉಳಿಯೋದು ಮಾತ್ರ ನಾವು. ಬೇಕಾಗಿರೋದು ಬೆಳಕಿರುವ ರಸ್ತೆ, ಹೊತ್ತಿಗೆ ಬರುವ ಬಸ್ಸು, ಬೀಗ ಹಾಕದ ಶೌಚಾಲಯ. ಇವು ಮೂರಿದ್ದರೆ ಧೈರ್ಯ ತಾನಾಗೇ ಬರುತ್ತೆ.

ವಾಪಸು ಬರುವಾಗ ರೈಲು ಬಿಟ್ಟು ಕೆಎಸ್ಆರ್‌ಟಿಸಿ ಬಸ್ಸು ಹತ್ತಿದೆ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ಇದರ ಲಾಭ ನಷ್ಟದ ಜಗಳ ಬೇಕಾದಷ್ಟಿದೆ, ಅರ್ಥಶಾಸ್ತ್ರ ನನ್ನ ಕ್ಷೇತ್ರ ಅಲ್ಲ. ಪಕ್ಕದಲ್ಲಿ ಕೂತಿದ್ದ ಮಳವಳ್ಳಿ ಕಡೆಯ ಅಕ್ಕ ಹೇಳಿದ್ದನ್ನು ಮಾತ್ರ ಬರೀತೀನಿ. "ಮೊದ್ಲೆಲ್ಲ ಎಲ್ಗಾದ್ರೂ ಹೋಗ್ಬೇಕು ಅಂದ್ರೆ ಮನೇಲಿ ದುಡ್ಡು ಕೇಳ್ಬೇಕಿತ್ತು. ದುಡ್ ಕೇಳುದ್ರೆ ಯಾಕೆ ಅಂತ ಹೇಳ್ಬೇಕಿತ್ತು. ಈಗ ಹೇಳಾಕಿಲ್ಲ, ಹೊಂಟೋಯ್ತೀನಿ."

1890ರ ಕಾಯ್ದೆ ಕೂರಲು ಜಾಗ ಕೊಟ್ಟಿತು, 1939 ಇಳಿಯಲು ಒಂದು ಊರು ಕೊಟ್ಟಿತು, ಈಗ ಕಾರಣ ಹೇಳದೆ ಹೊರಡುವುದು ಸಿಕ್ಕಿದೆ. 'ಯಾರ ಮನೆ' ಅನ್ನೋ ಕಾಲಂ ಇನ್ನೂ ಹೋಗಿಲ್ಲ, ಆದರೆ ಖಾಲಿ ಬಿಟ್ಟರೂ ಅರ್ಜಿ ಒಪ್ಪುತ್ತಿದೆ. ಗೆಳತಿಯರೇ, ನೀವು ದಿನಾ ದಾಟಿ ಹೋಗುವ ಊರು ಯಾವುದಾದರೂ ಇದ್ದರೆ ಒಂದು ಶನಿವಾರ ಅಲ್ಲಿ ಇಳಿದು ನೋಡಿ.