ಕಾಲ್ಡ್‌ವೆಲ್, ರಾಬರ್ಟ್ (1814–1891)

ಆಂಗ್ಲಿಕನ್ ಬಿಷಪ್, ಭಾಷಾವಿಜ್ಞಾನಿ. ಹುಟ್ಟಿದ್ದು ಐರ್ಲೆಂಡಿನಲ್ಲಿ, ಓದಿದ್ದು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ. 1838ರಲ್ಲಿ ಲಂಡನ್ ಮಿಷನ್ ಪರವಾಗಿ ಮದರಾಸಿಗೆ ಬಂದ ಈತ 1841ರಲ್ಲಿ ಆಂಗ್ಲಿಕನ್ ಸಭೆಯನ್ನು ಸೇರಿ, ನೀಲಗಿರಿಯ ದಾರಿ ಹಿಡಿದು ಬಹುಪಾಲು ಕಾಲ್ನಡಿಗೆಯಲ್ಲೇ ತಿರುನೆಲ್ವೇಲಿ ಸೀಮೆಗೆ ಹೋದ. ಅಲ್ಲಿನ ಕೆಂಪು ಮರಳು, ತಾಳೆಮರಗಳ ನಡುವಿನ ಇಡೈಯನ್‌ಗುಡಿ ಎಂಬ ಹಳ್ಳಿಯೇ ಈತನ ಕಾರ್ಯಕ್ಷೇತ್ರ. ಅಲ್ಲಿನ ಶಾಣಾರ ಜನರನ್ನು ಕುರಿತು 1849ರಲ್ಲಿ ಪ್ರಕಟಿಸಿದ ಪುಸ್ತಕ ಆ ಸಮುದಾಯವನ್ನು ಕೆರಳಿಸಿತು; ಅದರ ಧಾಟಿ ಇಂದಿಗೂ ಒರಟೆನಿಸುತ್ತದೆ.

ಬಿಷಪ್ ಪದವಿ ದೊರೆತದ್ದು 1877ರಲ್ಲಿ, ಅದೂ ಮದರಾಸಿನ ಬಿಷಪನಿಗೆ ಸಹಾಯಕನಾಗಿ. ಆದರೆ ಹೆಸರು ಉಳಿದಿರುವುದು 1856ರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಿಂದ. ಕನ್ನಡ, ತಮಿಳು, ತೆಲುಗು, ಮಲಯಾಳಂ, ತುಳು ಮೊದಲಾದವು ಸಂಸ್ಕೃತಜನ್ಯವಲ್ಲ, ಬೇರೆಯೇ ಕುಟುಂಬದವು ಎಂದು ಸರ್ವನಾಮ, ಸಂಖ್ಯಾವಾಚಕ, ಕ್ರಿಯಾರೂಪಗಳನ್ನು ಎದುರುಬದುರಾಗಿಟ್ಟು ತೋರಿಸಿದ. 1816ರಲ್ಲೇ ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ಇದನ್ನು ಸೂಚಿಸಿದ್ದುಂಟು. ವಿಸ್ತಾರವಾಗಿ ಸಾಧಿಸಿದವ ಕಾಲ್ಡ್‌ವೆಲ್. ಕೊಡೈಕನಾಲ್‌ನಲ್ಲಿ ತೀರಿಕೊಂಡ; ಸಮಾಧಿ ಇಡೈಯನ್‌ಗುಡಿಯಲ್ಲಿದೆ.