ಗಾಲ್ಫ್ ಹುಲ್ಲುಗಳ ಲವಣ ಸಹಿಷ್ಣುತೆ: ಇತಿಹಾಸ

ಉಪ್ಪಿನಂಶವಿರುವ ಮಣ್ಣು ಮತ್ತು ನೀರನ್ನು ತಾಳಿಕೊಂಡು ಹುಲ್ಲುಹಾಸು ಹಸಿರಾಗಿ ಉಳಿಯುವ ಗುಣವೇ ಲವಣ ಸಹಿಷ್ಣುತೆ. ಇದು ಸಂಶೋಧನೆಯ ವಿಷಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಗಾಲ್ಫ್ ಬೆಳೆದು ಬಂದದ್ದು ಮಾತ್ರ ಉಪ್ಪುಗಾಳಿ ಬೀಸುವ ನೆಲದಲ್ಲೇ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಂಥ ಕಡೆ ಸಮುದ್ರಕ್ಕೂ ಹೊಲಗಳಿಗೂ ನಡುವಿನ ಮರಳುನೆಲದಲ್ಲಿ ತಾನಾಗಿ ಹಬ್ಬಿದ ಫೆಸ್ಕ್ಯೂ, ಬೆಂಟ್ ಹುಲ್ಲುಗಳ ಮೇಲೆ ಆಟ ನಡೆಯುತ್ತಿತ್ತು. ಮಳೆ ಉಪ್ಪನ್ನು ತೊಳೆಯುತ್ತಿತ್ತು, ಮರಳು ಅದನ್ನು ಕೆಳಗಿಳಿಸುತ್ತಿತ್ತು.

ಗಾಲ್ಫ್ ಒಣನಾಡುಗಳಿಗೆ ಹಬ್ಬಿದಾಗ ಈ ಅನುಕೂಲ ತಪ್ಪಿತು. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಗುಳಿಯ ಸುತ್ತಲಿನ ನುಣುಪು ಹಾಸಾದ ಗ್ರೀನ್‌ನ ಹುಲ್ಲಂತೂ ಮೂರು–ನಾಲ್ಕು ಮಿಲಿಮೀಟರ್ ಎತ್ತರಕ್ಕೆ ದಿನವೂ ಕತ್ತರಿಸಿಕೊಂಡು, ಬೇರು ಆಳಕ್ಕಿಳಿಯದೆ, ಬಹುಬೇಗ ಬಾಡುತ್ತದೆ. ಉಪ್ಪನ್ನು ಅಳೆಯುವ ಶಾಸ್ತ್ರಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿರುವ ಅಮೆರಿಕದ ಲವಣ ಪ್ರಯೋಗಾಲಯದಿಂದ. ಅದರ 1954ರ ಕೈಪಿಡಿ ಇಂದಿಗೂ ಈ ಕ್ಷೇತ್ರದ ಆಧಾರಗ್ರಂಥ. 1977ರಲ್ಲಿ ವಿಜ್ಞಾನಿಗಳಾದ ಮಾಸ್ ಮತ್ತು ಹಾಫ್‌ಮನ್ ಪ್ರಕಟಿಸಿದ ಪಟ್ಟಿಯಂತೆ, ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 6.9 ಡೆಸಿಸೀಮೆನ್ಸ್ ಆಗುವವರೆಗೂ ಬರ್ಮುಡಾ ಹುಲ್ಲಿನ ಇಳುವರಿ ಕುಗ್ಗುವುದಿಲ್ಲ. ಸಮುದ್ರದ ನೀರಿನ ವಾಹಕತೆ ಸುಮಾರು 50.

ಬರ್ಮುಡಾ ಎಂದರೆ ನಮ್ಮ ಗರಿಕೆಯೇ. ಅದರ ಎಲೆಯ ಮೇಲ್ಮೈಯಲ್ಲಿ ಎರಡೆರಡು ಕೋಶಗಳ ಸೂಕ್ಷ್ಮ ಗ್ರಂಥಿಗಳಿವೆ; ಹೆಚ್ಚಾದ ಸೋಡಿಯಂ ಅವುಗಳ ಮೂಲಕ ಹೊರಬಂದು ಎಲೆಯ ಮೇಲೆ ಬಿಳಿಯ ಹರಳಾಗಿ ಕೂರುತ್ತದೆ. ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ತಳಿವಿಜ್ಞಾನಿ ಗ್ಲೆನ್ ಬರ್ಟನ್ ಗರಿಕೆಯನ್ನು ಆಫ್ರಿಕಾದ ಅದರ ಸೋದರ ಪ್ರಭೇದದೊಂದಿಗೆ ಕೂಡಿಸಿ ಪಡೆದ ಟಿಫ್‌ಗ್ರೀನ್ (1956), ಟಿಫ್‌ವೇ (1960) ತಳಿಗಳು ಬಿಸಿನಾಡುಗಳ ಅಂಗಣಗಳನ್ನು ಆವರಿಸಿಕೊಂಡವು. ಆದರೆ ಬರ್ಟನ್ ಬೆನ್ನುಹತ್ತಿದ್ದು ನವಿರಾದ ಹಾಸನ್ನು. ಉಪ್ಪು ತಾಳುವ ಶಕ್ತಿ ಅದರ ಜೊತೆಗೆ ಬಂದ ಲಾಭ.

ಉಪ್ಪನ್ನೇ ಗುರಿಯಾಗಿಟ್ಟುಕೊಂಡ ಕೆಲಸ ಗಟ್ಟಿಯಾದದ್ದು ಸೀಶೋರ್ ಪ್ಯಾಸ್ಪಾಲಮ್ ಮೂಲಕ. ಉಷ್ಣವಲಯದ ಕಡಲತೀರ, ಅಳಿವೆ, ಉಪ್ಪುಜೌಗುಗಳ ಈ ಹುಲ್ಲಿನ ಅಡಲೇಡ್ ಎಂಬ ತಳಿ 1970ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಅಮೆರಿಕಕ್ಕೆ ಬಂತು, ಹೆಸರು ಮಾಡಲಿಲ್ಲ. 1993ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಗ್ರಿಫಿನ್ ಕೇಂದ್ರದಲ್ಲಿ ರಾನ್ ಡಂಕನ್ ತಳಿ ಅಭಿವೃದ್ಧಿಗೆ ಕೈಹಾಕಿದರು. ಹಳೆಯ ಗಾಲ್ಫ್ ಅಂಗಣಗಳು, ಉಪ್ಪುಜೌಗುಗಳಿಂದ ಮಾದರಿಗಳನ್ನು ಕಲೆಹಾಕಿದರು. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಲ್ಲಿ ಹಾಸಿಗೆಯಾಗಿ ಹರಡಿದ ಹುಲ್ಲು ಆಫ್ರಿಕಾದಿಂದ ಅಮೆರಿಕದ ತೀರ ಸೇರಿತೆಂಬುದು ಅವರು ಮುಂದಿಟ್ಟ ವಿವರಣೆ. ಇಂದಿನ ಐಷಾರಾಮಿ ಅಂಗಣಗಳ ಹುಲ್ಲಿಗೆ ಇಂಥ ಪೂರ್ವಕಥೆ ಇರಬಹುದೆಂಬುದು ಮನಸ್ಸನ್ನು ಕಲಕುತ್ತದೆ. ಡಂಕನ್ ಅವರ ಕೆಲಸದಿಂದ ಸೀಐಲ್ 1, ಸೀಐಲ್ 2000 ತಳಿಗಳು ಬಂದವು. ಪ್ಯಾಸ್ಪಾಲಮ್ ತಳಿಗಳ ಹೋಲಿಕೆಗಳು ತೋರಿಸಿದ ಮುಖ್ಯ ಸಂಗತಿಯೆಂದರೆ ತಾಳಿಕೆ ಪ್ರಭೇದಕ್ಕೆ ಸೇರಿದ ಏಕರೂಪದ ಗುಣವಲ್ಲ: ಒಂದೇ ಪ್ರಭೇದದೊಳಗೆ ಅಡಲೇಡ್ ಹಿಂದೆ ಬಿತ್ತು, ಕೆಲವು ಮಾದರಿಗಳು ಬಹಳ ಮುಂದಿದ್ದವು. ಉಪ್ಪು ತಾಳಬಲ್ಲ ತಳಿಗಳು ಪೊಟ್ಯಾಸಿಯಂ ಬಿಟ್ಟುಕೊಡದೆ, ಸೋಡಿಯಮ್ಮನ್ನು ಕೋಶದ ಸೂಕ್ಷ್ಮ ಚಟುವಟಿಕೆಗಳಿಂದ ದೂರವಿಟ್ಟು, ಪ್ರೋಲಿನ್‌ನಂಥ ದ್ರಾವ್ಯಗಳನ್ನು ಕೂಡಿಸಿಕೊಂಡು ನೀರನ್ನು ಎಳೆದುಕೊಳ್ಳುತ್ತವೆ.

ದಕ್ಷಿಣ ಕೆರೊಲಿನಾದ ಕಿಯಾವಾ ದ್ವೀಪದ ಓಷನ್ ಕೋರ್ಸ್‌ನಲ್ಲಿ 2012ರ ಪಿಜಿಎ ಚಾಂಪಿಯನ್‌ಷಿಪ್ ಪ್ಯಾಸ್ಪಾಲಮ್ ಮೇಲೆ ನಡೆದಾಗ ಈ ಹುಲ್ಲು ದೊಡ್ಡ ಪಂದ್ಯಗಳಿಗೆ ಸಲ್ಲುವುದೇ ಎಂಬ ಅನುಮಾನ ಬಹುಮಟ್ಟಿಗೆ ಅಳಿಯಿತು. ಚಳಿಯನ್ನು ಮಾತ್ರ ಅದು ಸಹಿಸದು. ಶೀತನಾಡಿನಲ್ಲಿ ಉಪ್ಪಿಗೆ ಒಗ್ಗಿದ್ದು ಆಲ್ಕಲಿ ಹುಲ್ಲು. ಹಿಮ ಕರಗಿಸಲು ಉಪ್ಪು ಎರಚುವ ರಸ್ತೆಯಂಚಿನಲ್ಲೂ ಅದು ಬದುಕುತ್ತದೆ.

ಪ್ಯಾಸ್ಪಾಲಮ್‌ಗೆ ಸಮುದ್ರದ ನೀರನ್ನೇ ಹಾಯಿಸಬಹುದೆಂಬ ಪ್ರಚಾರ ಅಪಾಯಕಾರಿ. ಹೊಸದಾಗಿ ನೆಟ್ಟ ಹುಲ್ಲು ಬೇರೂರುವ ವಾರಗಳಲ್ಲಿ ಸಿಹಿನೀರು ಬೇಡುತ್ತದೆ. ಹುಲ್ಲು ತಾಳಿದರೂ ಜೇಡಿಮಣ್ಣು ತಾಳದು: ಸೋಡಿಯಂ ಹೊಕ್ಕು ಕಣರಚನೆ ಮುರಿದು ನೀರು ಇಂಗುವುದೇ ನಿಲ್ಲುತ್ತದೆ. ಆದ್ದರಿಂದ ಮರಳಿನ ತಳ, ಬಸಿಗಾಲುವೆ, ಜಿಪ್ಸಂ, ಆಗಾಗ ಹೆಚ್ಚುವರಿ ನೀರು ಹರಿಸಿ ಉಪ್ಪನ್ನು ಬೇರಿನ ಕೆಳಗೆ ತೊಳೆಯುವ ಕೆಲಸ ಎಂಥ ತಳಿಗೂ ತಪ್ಪುವುದಿಲ್ಲ.